ವಾಲ್‌ವಾಲ್ ಬಾವಿಯ ಪಹಣಿ

ಚಿಕ್ಕಪ್ಪ: (ಬೇರೆ ಗುಂಪಿನಿಂದ ಬಂದ ಸಂದೇಶ) ‘1934ರ ಡಿಸೆಂಬರ್ 5. ಆಫ್ರಿಕಾದ ವಾಲ್‌ವಾಲ್ ಎಂಬಲ್ಲಿ ಬಾವಿ ನೀರಿಗಾಗಿ ಇಟಲಿ ಮತ್ತು ಇಥಿಯೋಪಿಯದ ಸೈನಿಕರು ಹೊಡೆದಾಡಿಕೊಂಡರು. ಯಾರದೂ ತಪ್ಪಿಲ್ಲವೆಂದು ತೀರ್ಪು ಬಂದರೂ ಯುದ್ಧ ತಪ್ಪಲಿಲ್ಲ.’ ಎಲ್ಲರೂ ಓದಿ. ಸಣ್ಣ ಜಗಳ ಎಲ್ಲಿಗೆ ಮುಟ್ಟುತ್ತದೆ ನೋಡಿ.

ನಾನು: ಚಿಕ್ಕಪ್ಪ, ಇದನ್ನು ನೀರಿನ ಜಗಳ ಎನ್ನಬೇಡಿ. ವಾಲ್‌ವಾಲ್ ಇದ್ದದ್ದು ಇಥಿಯೋಪಿಯದ ಒಗಾಡೆನ್ ಪ್ರದೇಶದಲ್ಲಿ. ತನ್ನ ಸೊಮಾಲಿಲ್ಯಾಂಡ್ ವಸಾಹತಿನ ಗಡಿ ದಾಟಿ ಬಂದು 1930ರಲ್ಲೇ ಇಟಲಿ ಅಲ್ಲಿ ಕೋಟೆ ಕಟ್ಟಿಕೊಂಡಿತ್ತು. ಇನ್ನೊಬ್ಬರ ಹಿತ್ತಿಲಿನ ಬಾವಿಕಟ್ಟೆಯಲ್ಲಿ ಬಂದೂಕು ಹಿಡಿದು ಕುಳಿತವನನ್ನೂ ಮನೆಯೊಡೆಯನನ್ನೂ ಸಮ ಮಾಡಲಾದೀತೇ?

ಚಿಕ್ಕಪ್ಪ: ತೀರ್ಪು ಬರೆದವನು ನಾನಲ್ಲಮ್ಮ. ಇಥಿಯೋಪಿಯದವರೂ ನೂರಾರು ಸೈನಿಕರೊಂದಿಗೆ ಬಂದಿದ್ದರು. ಮೊದಲ ಗುಂಡು ಯಾರದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ನಾನು: ಗುಂಡಿನ ಮಾತು ಒಪ್ಪಿದೆ. ಆದರೆ ಆ ಸೈನಿಕರು ಬಂದದ್ದು ಬ್ರಿಟಿಷ್–ಇಥಿಯೋಪಿಯ ಗಡಿ ಆಯೋಗದ ಬೆಂಗಾವಲಿಗೆ. ಇಟಲಿ ವಿಮಾನವನ್ನೂ ಬಳಸಿತು. ಇಥಿಯೋಪಿಯದ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಇಟಲಿಯ ಪರವಾಗಿ ಪ್ರಾಣ ಕೊಟ್ಟವರಲ್ಲೂ ಹೆಚ್ಚಿನವರು ಸೊಮಾಲಿ ಸಿಪಾಯಿಗಳೇ. ಇಷ್ಟಾದ ಮೇಲೆ ಕ್ಷಮೆ ಕೇಳಬೇಕು, 2 ಲಕ್ಷ ಥೇಲರ್ ಬೆಳ್ಳಿ ನಾಣ್ಯ ಕೊಡಬೇಕು, ಅದೇ ವಾಲ್‌ವಾಲ್‌ನಲ್ಲಿ ಇಟಲಿಯ ಬಾವುಟಕ್ಕೆ ವಂದಿಸಬೇಕು ಎಂದು ಹಠ ಹಿಡಿದವನು ಇಟಲಿಯ ಸರ್ವಾಧಿಕಾರಿ ಮುಸೊಲಿನಿ. ವಿವಾದ ಬಂದರೆ ಮಧ್ಯಸ್ಥಿಕೆಗೆ ಒಪ್ಪಿಸೋಣ ಎಂದು 1928ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದವನ್ನು ಇಥಿಯೋಪಿಯ ನೆನಪಿಸಿದರೆ, ಮೊದಲು ಅದನ್ನೂ ತಳ್ಳಿಹಾಕಿದ.

ಚಿಕ್ಕಪ್ಪ: ಕೊನೆಗೆ ಮಧ್ಯಸ್ಥಿಕೆ ನಡೆಯಿತಲ್ಲ?

ನಾನು: ಹೇಗೆ ನಡೆಯಿತೆಂದು ನೋಡಿ. ವಾಲ್‌ವಾಲ್ ಯಾರದು ಎಂಬ ಪ್ರಶ್ನೆಯನ್ನೇ ಮಧ್ಯಸ್ಥರು ಎತ್ತುವಂತಿರಲಿಲ್ಲ. ಪಹಣಿ ನೋಡದೆ ಜಮೀನಿನ ವ್ಯಾಜ್ಯ ಬಗೆಹರಿಸಿದಂತೆ ಅದು! ಇಬ್ಬರೂ ತಮ್ಮ ನೆಲದಲ್ಲೇ ಇದ್ದೇವೆಂದು ನಂಬಿದ್ದರು, ಹಾಗಾಗಿ ಇಬ್ಬರೂ ಹೊಣೆಯಲ್ಲ ಎಂದು 1935ರ ಸೆಪ್ಟೆಂಬರ್ 3ರಂದು ಹೇಳಿದರು. ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 3ರಂದು, ಯುದ್ಧ ಘೋಷಿಸದೆಯೇ ಇಟಲಿ ನುಗ್ಗಿತು.

ಅಣ್ಣ: ಆಗಿನ ರಾಷ್ಟ್ರಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ ಇಟಲಿಯ ಮೇಲೆ ದಿಗ್ಬಂಧನ ಹೇರಿತಲ್ಲ?

ನಾನು: ತೈಲವನ್ನು ಬಿಟ್ಟು. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೇನೆ ಹೋದದ್ದು ಅದೇ ದಾರಿಯಲ್ಲಿ.

ಅತ್ತೆ: ನಾನು ಇಥಿಯೋಪಿಯದಲ್ಲಿ ಪಾಠ ಹೇಳಲು ಹೋದ ಮೊದಲ ವರ್ಷ ಸಹೋದ್ಯೋಗಿಗಳು ನನ್ನನ್ನು ಅಡಿಸ್ ಅಬಾಬಾದ ಯೆಕಾತಿತ್ 12 (ಅಲ್ಲಿನ ಪಂಚಾಂಗದ ದಿನಾಂಕ) ಸ್ಮಾರಕಕ್ಕೆ ಕರೆದೊಯ್ದಿದ್ದರು. 1937ರ ಫೆಬ್ರುವರಿಯಲ್ಲಿ ಇಟಲಿಯವರು ಆ ನಗರದಲ್ಲಿ ಕೊಂದ ಜನರ ನೆನಪಿನ ಕಂಬ ಅದು. ಅದರ ಮುಂದೆ ನಿಂತವರಿಗೆ ‘ಸಣ್ಣ ಜಗಳ’ ಎನ್ನಲು ಬಾಯಿ ಬರುವುದಿಲ್ಲ ತಮ್ಮಾ. ಯುದ್ಧದಲ್ಲಿ ವಿಷಾನಿಲವನ್ನೂ ಸುರಿದಿದ್ದರು.

ಅಣ್ಣ: ಆಗ ನಮ್ಮವರು ಏನು ಮಾಡಿದರು?

ನಾನು: 1936ರ ಮಾರ್ಚ್‌ನಲ್ಲಿ ನೆಹರೂ ರೋಮ್ ಮೂಲಕ ಹಾದುಬಂದರು. ಮುಸೊಲಿನಿಯನ್ನು ಭೇಟಿಯಾಗಲು ಎಷ್ಟು ಒತ್ತಾಯ ಬಂದರೂ ಒಪ್ಪಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಚಿಕ್ಕಪ್ಪ: ಅಕ್ಕ, ‘ಸಣ್ಣ ಜಗಳ’ ಎಂದದ್ದು ನನ್ನ ತಪ್ಪು. ನಿವೃತ್ತರ ಗುಂಪಿನಿಂದ ಬಂದ ಸಂದೇಶ ಇದು, ಗಡಿಯ ವಿಷಯವನ್ನು ಅಲ್ಲಿಗೂ ಬರೆಯುತ್ತೇನೆ. ಮೊದಲ ಗುಂಡಿನ ಬಗ್ಗೆ ಮಾತ್ರ ನನ್ನ ಮಾತು ಬದಲಾಗದು.

ನಾನು: ಅದು ಹಾಗೆಯೇ ಇರಲಿ ಚಿಕ್ಕಪ್ಪ. ಬರೆಯುವಾಗ ‘ಒಗಾಡೆನ್’ ಎಂಬ ಹೆಸರನ್ನು ಮಾತ್ರ ಬಿಡಬೇಡಿ.