ಡ್ರೀಮ್‌ಕ್ಯಾಚರ್ ಬಲೆ ತುಂಬಿ ಹೋಯ್ತಾ? ಮಕ್ಕಳ ಕೆಟ್ಟ ಕನಸಿನ ಬಗ್ಗೆ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕುಮಟಾದಿಂದ ಒಬ್ಬ ತಾಯಿ):

ನಮಸ್ತೆ ಮೇಡಂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಮಗನಿಗೆ ಐದೂವರೆ ವರ್ಷ. ಒಂದು ತಿಂಗಳಿಂದ ವಾರಕ್ಕೆ ಮೂರು ನಾಲ್ಕು ಸಲ ಕೆಟ್ಟ ಕನಸು ಬಿದ್ದು ಎದ್ದು ಅಳುತ್ತಾನೆ, ಹೆಚ್ಚಾಗಿ ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ. ಊರ ಗದ್ದೆಯಲ್ಲಿ ಯಕ್ಷಗಾನ ಇತ್ತು, ಅಜ್ಜನ ಜೊತೆ ಹೋಗಿದ್ದ. ಬಣ್ಣದ ವೇಷ ಆರ್ಭಟ ಕೊಟ್ಟು, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗಿಲ್ ಅಂದಾಗ ಅಜ್ಜನ ಪಂಚೆಯಲ್ಲಿ ಮುಖ ಹುಗಿಸಿಕೊಂಡಿದ್ದನಂತೆ. ಅಲ್ಲಿಂದ ಶುರು. "ರಕ್ಕಸ ಕಿಟಕೀಲಿ ನಿಂತಿದ್ದಾನೆ" ಅನ್ನುತ್ತಾನೆ.

ನಾದಿನಿ ಗೋಕರ್ಣಕ್ಕೆ ಹೋದವಳು ಒಂದು ಡ್ರೀಮ್‌ಕ್ಯಾಚರ್ ತಂದು ಕಿಟಕಿಗೆ ಕಟ್ಟಿದಳು, ಕೆಟ್ಟ ಕನಸು ಈ ಬಲೆಗೆ ಬೀಳುತ್ತದೆ ಅಂತ ಹೇಳಿದಳು. ನಿಜ ಹೇಳಬೇಕು ಅಂದರೆ ಐದಾರು ದಿನ ಚೆನ್ನಾಗಿ ಮಲಗಿದ. ಆಮೇಲೆ ಮತ್ತೆ ಅದೇ ಕಥೆ. ಎದ್ದು ಕೂತು ಕೇಳಿದ, "ಅಮ್ಮಾ, ಬಲೆ ತುಂಬಿ ಹೋಯ್ತಾ?" ನನಗೆ ಏನು ಹೇಳುವುದು ಅಂತಲೇ ತಿಳಿಯಲಿಲ್ಲ. ಮೊಬೈಲಲ್ಲಿ ಹುಡುಕಿದರೆ ಅದನ್ನು ಆಗಾಗ ಶುದ್ಧಿ ಮಾಡಬೇಕಂತೆ. ಸೇಜ್ ಎಲೆ ಸುಟ್ಟು ಹೊಗೆ ಹಾಕಬೇಕು, ಹುಣ್ಣಿಮೆ ಬೆಳದಿಂಗಳಲ್ಲಿ ಇಡಬೇಕು, ಉಪ್ಪಿನಲ್ಲಿ ಹೂತಿಡಬೇಕು ಅಂತೆಲ್ಲ ಇದೆ. ಅತ್ತೆ ಈಗಾಗಲೇ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದಿದ್ದಾರೆ. ಮನೆಯವರು ಮಾತ್ರ ಎಲ್ಲ ಮೂಢನಂಬಿಕೆ, ಕಿತ್ತು ಬಿಸಾಕು ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ:

ಮೊದಲು ಮಗನಿಗೆ ನನ್ನ ಕಡೆಯಿಂದ ಶಭಾಶ್ ಹೇಳಿ. ಸಮುದ್ರದ ಬದಿಯ ಮಗು, ಬಲೆ ಅಂದ ಕೂಡಲೇ ಮೀನಿನ ಬಲೆಯೇ ನೆನಪಾಗಿದೆ. ತುಂಬಿದ ಮೇಲೆ ಖಾಲಿ ಮಾಡಬೇಕಲ್ವಾ ಅನ್ನುವುದು ಅವನ ಲೆಕ್ಕ. ಅದೇ ಲೆಕ್ಕ ಹಿಡಿದು ಮುಂದೆ ಹೋಗೋಣ.

ಈ ಬಳೆಯಂಥ ವಸ್ತು ಗೋಕರ್ಣದ್ದೂ ಅಲ್ಲ, ಗೋವಾದ್ದೂ ಅಲ್ಲ. ಅಮೆರಿಕ ಮತ್ತು ಕೆನಡಾದ ದೊಡ್ಡ ಸರೋವರಗಳ ಸುತ್ತಲಿನ ಓಜಿಬ್ವೆ ಜನರದ್ದು. ಫ್ರಾನ್ಸಿಸ್ ಡೆನ್ಸ್‌ಮೋರ್ ಅನ್ನುವ ಸಂಶೋಧಕಿ 1929ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದರ ಪ್ರಸ್ತಾಪ ಇದೆ. ಸಣ್ಣ ಮರದ ಬಳೆಯೊಳಗೆ ಜೇಡರ ಬಲೆಯ ಹಾಗೆ ದಾರ ಹೆಣೆದು ಕೂಸಿನ ತೊಟ್ಟಿಲಿಗೆ ಕಟ್ಟುತ್ತಿದ್ದರು, ಗಾಳಿಯಲ್ಲಿ ಬರುವ ಕೆಡುಕು ಅದಕ್ಕೆ ಸಿಕ್ಕಿಕೊಳ್ಳಲಿ ಅಂತ. ನಮ್ಮಲ್ಲಿ ಅಜ್ಜಿಯಂದಿರು ಗಾಳಿ ಸೋಕಿದೆ ಅನ್ನುತ್ತಾರಲ್ಲ, ನಿಮ್ಮ ಅತ್ತೆಗೆ ಈ ಮಾತು ತಕ್ಷಣ ಅರ್ಥವಾದೀತು. ಈಗ ಎಲ್ಲರೂ ಹೇಳುವ ಕಥೆ ಹೀಗೆ: ಒಳ್ಳೆ ಕನಸು ನಡುವಿನ ತೂತಿನಿಂದ ಇಳಿದು ಬರುತ್ತದೆ, ಕೆಟ್ಟದ್ದು ಬಲೆಯಲ್ಲಿ ಉಳಿದು ಬೆಳಗಿನ ಬಿಸಿಲಿಗೆ ಕರಗಿ ಹೋಗುತ್ತದೆ.

ಗಮನಿಸಿದಿರಾ? ಶುದ್ಧಿ ಮಾಡುವ ಕೆಲಸ ಕಥೆಯಲ್ಲೇ ಮುಗಿದಿದೆ, ಸೂರ್ಯ ಮಾಡುತ್ತಾನೆ. ಉಪ್ಪು, ಹುಣ್ಣಿಮೆ ಎಲ್ಲ ಆಮೇಲೆ ಸೇರಿಸಿದ್ದು. ಕಟ್ಟು ಕಟ್ಟಿ ಮಾರುವ ಬಿಳಿ ಸೇಜ್ ಬೆಳೆಯುವುದೇ ಕ್ಯಾಲಿಫೋರ್ನಿಯಾ ಕಡೆ, ಓಜಿಬ್ವೆ ಜನರ ಊರು ಅಲ್ಲಿಂದ ಎಷ್ಟೋ ದೂರ. ದುಡ್ಡು ಕೊಟ್ಟು ತರಿಸಬೇಡಿ. ಮಗು ಮಲಗುವ ಕೋಣೆಯಲ್ಲಿ ಹೊಗೆಯಂತೂ ಬೇಡವೇ ಬೇಡ, ಸಾಂಬ್ರಾಣಿಗೂ ಇದೇ ಮಾತು. ಈಗ ಅಂಗಡಿಯಲ್ಲಿ ಸಿಗುವುದರ ಒಳಗೆ ಕಬ್ಬಿಣದ ಬಳೆ ಇದ್ದರೆ ಉಪ್ಪಿನಲ್ಲಿ ಇಟ್ಟಾಗ ತುಕ್ಕು ಹಿಡಿಯುತ್ತದೆ, ಅಷ್ಟೇ ಲಾಭ.

ಹಾಗಂತ ಬಿಸಾಕಬೇಡಿ. ಐದಾರು ದಿನ ಮಲಗಿದನಲ್ಲ, ಅದು ಸುಳ್ಳಲ್ಲ. ಮಲಗುವ ಮುಂಚೆ ಅಮ್ಮ ಪಕ್ಕ ಕೂತಳು, ಒಂದು ಕಥೆ ಬಂತು, ನನಗೆ ಕಾವಲು ಇದೆ ಅಂತ ಧೈರ್ಯ ಬಂತು. ನನಗೆ ಭಯ ಇರುವುದು ಬೇರೆ ಕಡೆ. ದೊಡ್ಡವರು ಗಂಭೀರವಾಗಿ ಹೊಗೆ ಹಾಕಿ, ನಿವಾಳಿಸಿ, ಮತ್ತೆ ಮತ್ತೆ ತೊಳೆಯುತ್ತಾ ಹೋದರೆ ಮಗುವಿಗೆ ಒಂದೇ ಅರ್ಥ ಆಗುವುದು: ಓಹೋ, ನಿಜವಾಗಿಯೂ ಏನೋ ಬಂದಿದೆ, ಅಮ್ಮನೇ ಹೆದರಿದ್ದಾಳೆ.

ಆದ್ದರಿಂದ ಶಾಸ್ತ್ರ ಇರಲಿ, ಆದರೆ ಸಣ್ಣದಾಗಿರಲಿ, ಹಗಲಲ್ಲಿ ಆಗಲಿ, ಅವನ ಕೈಯಿಂದಲೇ ಆಗಲಿ. ಬೆಳಿಗ್ಗೆ ಎದ್ದ ಮೇಲೆ ಬಲೆಯನ್ನು ಜಗಲಿಗೆ ತಂದು ಅವನೇ ಕೊಡವಲಿ, ರಂಪಣಿಯವರು ಮರಳ ಮೇಲೆ ಬಲೆ ಕೊಡವಿ ಒಣಗಿಸುವ ಹಾಗೆ. ಹತ್ತು ನಿಮಿಷ ಬಿಸಿಲಿಗೆ ಹಾಕಿ ಒಳಗೆ ತನ್ನಿ. ಕನಸು ಬಿದ್ದಿದ್ದರೆ ಅದರ ಚಿತ್ರ ಬರೆಯಲಿ, ಕೊನೆಯನ್ನು ಮಾತ್ರ ತನಗೆ ಬೇಕಾದ ಹಾಗೆ ಬದಲಾಯಿಸಲಿ. ರಕ್ಕಸನ ಕಿರೀಟ ಬಾಗಿಲಿಗೆ ಸಿಕ್ಕಿ ಬೀಳಲಿ, ಅವನಿಗೆ ಸೀನು ಬರಲಿ, ಏನಾದರೂ ಸರಿ. ಸುಮ್ನೆ ಆಟ ಅನ್ನಿಸಬಹುದು, ಆದರೆ ಕೆಟ್ಟ ಕನಸಿಗೆ ನಾವು ಕೌನ್ಸೆಲಿಂಗ್‌ನಲ್ಲಿ ಮಾಡಿಸುವುದೂ ಇದನ್ನೇ. ಅವನಿಗೆ ಧೈರ್ಯ ಬಂದ ಮೇಲೆ ಅಜ್ಜನಿಗೆ ಹೇಳಿ ಒಂದು ದಿನ ಸಂಜೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ, ರಕ್ಕಸ ಆಗುವ ಕಲಾವಿದರು ಚಹಾ ಕುಡಿಯುತ್ತಾ ಮುಖಕ್ಕೆ ಬಣ್ಣ ಬಳಿದುಕೊಳ್ಳುವುದನ್ನು ನೋಡಲಿ. ಬೇಡ ಅಂದರೆ ಎಳೆಯಬೇಡಿ.

ರಾತ್ರಿ ಎದ್ದಾಗ ಮಾತು ಕಡಿಮೆ ಇರಲಿ. "ಕನಸು ಬಿತ್ತಾ? ನಾನಿದ್ದೇನೆ, ಇದು ನಮ್ಮ ಮನೆ." ಸಾಕು. ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ರಕ್ಕಸನನ್ನು ಹುಡುಕಬೇಡಿ, ಹುಡುಕಿದರೆ ಇರಬಹುದು ಅಂತ ಒಪ್ಪಿಕೊಂಡ ಹಾಗೆ.

ಒಂದು ಪ್ರಶ್ನೆ. ಮಗುವಿಗೆ ಏನಾದರೂ ಔಷಧ ನಡೆಯುತ್ತಿದೆಯಾ?

ಅದೇ ತಾಯಿ:

ಹೌದು ಮೇಡಂ, ಕೆಮ್ಮು ಮತ್ತು ಉಬ್ಬಸಕ್ಕೆ ರಾತ್ರಿ ಹೊತ್ತು ಒಂದು ಜಗಿಯುವ ಮಾತ್ರೆ. ಡಬ್ಬಿ ಮೇಲೆ ಮಾಂಟೆಲುಕಾಸ್ಟ್ ಅಂತ ಇದೆ. ಅದೂ ಹತ್ತಿರ ಹತ್ತಿರ ಒಂದು ತಿಂಗಳಾಯಿತು. ಅದಕ್ಕೂ ಕನಸಿಗೂ ಏನು ಸಂಬಂಧ?

ಉತ್ತರ:

ಇರಬಹುದು. ಈ ಔಷಧದಿಂದ ಕೆಲವು ಮಕ್ಕಳಿಗೆ ಕೆಟ್ಟ ಕನಸು, ನಿದ್ದೆಗೇಡು, ಸಿಡುಕು ಬರುವುದುಂಟು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮಾನಸಿಕ ಅಡ್ಡಪರಿಣಾಮಗಳ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಹಾಕಿಸಿತು. ಎಷ್ಟೋ ಮಕ್ಕಳು ಏನೂ ತೊಂದರೆ ಇಲ್ಲದೆ ತಿನ್ನುತ್ತಾರೆ, ಗಾಬರಿ ಬೇಡ. ಆದರೆ ನಾನು ಕೌನ್ಸೆಲರ್, ಮಾತ್ರೆ ನಿಲ್ಲಿಸಿ ಅನ್ನುವ ಅಧಿಕಾರ ನನಗಿಲ್ಲ, ನೀವಾಗಿಯೇ ನಿಲ್ಲಿಸಿ ಉಬ್ಬಸ ಜಾಸ್ತಿ ಆದರೂ ಕಷ್ಟ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಕನಸು ಯಾವತ್ತು ಶುರುವಾಯಿತು, ಮಾತ್ರೆ ಯಾವತ್ತು ಶುರುವಾಯಿತು, ಎರಡೂ ತಾರೀಕು ಹೇಳಿ.

ಪ್ರಶ್ನೆ (ಕಾರವಾರದಿಂದ ಒಬ್ಬ ತಂದೆ):

ಮಗಳಿಗೆ ನಾಲ್ಕು ವರ್ಷ. ಒಂಬತ್ತಕ್ಕೆ ಮಲಗಿದರೆ ಹತ್ತೂವರೆಗೆಲ್ಲ ಕಿಟಾರನೆ ಕಿರುಚಿ ಎದ್ದು ಕೂರುತ್ತಾಳೆ. ಕಣ್ಣು ಬಿಟ್ಟಿರುತ್ತಾಳೆ, ಆದರೆ ನಮ್ಮ ಗುರುತೇ ಇಲ್ಲ, ಹಿಡಿಯಲು ಹೋದರೆ ತಳ್ಳುತ್ತಾಳೆ. ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿಲ್ಲ. ತಾಯಿತ ಕಟ್ಟಿಸಿದ್ದೇವೆ, ಮಂಚದ ಮೇಲೆ ಡ್ರೀಮ್‌ಕ್ಯಾಚರ್ ಕೂಡ ಇದೆ. ಕಡಿಮೆ ಆಗಿಲ್ಲ.

ಉತ್ತರ:

ಸರ್, ನೀವು ಹೇಳುವ ಲಕ್ಷಣ ನೋಡಿದರೆ ಇದು ಕನಸೇ ಅಲ್ಲ. ನೈಟ್ ಟೆರರ್ ಅನ್ನುತ್ತಾರೆ. ಕೆಟ್ಟ ಕನಸು ಬೀಳುವುದು ಹೆಚ್ಚಾಗಿ ರಾತ್ರಿಯ ಕೊನೆ ಭಾಗದಲ್ಲಿ, ಮಗು ಪೂರ್ತಿ ಎಚ್ಚರವಾಗಿ ಕಥೆ ಹೇಳುತ್ತದೆ. ಇದು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ, ಗಾಢ ನಿದ್ದೆಯಿಂದ ಅರೆಬರೆ ಎದ್ದಾಗ ಆಗುವುದು. ನೋಡುವವರಿಗೆ ಜೀವ ಹೋದ ಹಾಗಾಗುತ್ತದೆ, ಮಗುವಿಗೆ ನೆನಪೇ ಇರುವುದಿಲ್ಲ. ಅಲ್ಲಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ. ಪಕ್ಕದಲ್ಲಿ ಕೂತು ಬೀಳದಂತೆ ನೋಡಿಕೊಳ್ಳಿ, ಕೆಲವು ನಿಮಿಷದಲ್ಲಿ ತಾನೇ ಮಲಗುತ್ತಾಳೆ. ಎದ್ದು ನಡೆಯುವ ಮಕ್ಕಳೂ ಇರುತ್ತಾರೆ, ಹಾಗಾಗಿ ಬಾಗಿಲಿಗೆ ಮೇಲಿನ ಚಿಲಕ ಹಾಕಿ, ಅಂಗಳದಲ್ಲಿ ಬಾವಿ ಇದ್ದರಂತೂ ಮರೆಯಬೇಡಿ.

ನಿದ್ದೆ ಸಾಲದಿದ್ದರೆ, ಜ್ವರ ಇದ್ದರೆ ಇದು ಜಾಸ್ತಿ. ಈ ವಯಸ್ಸಿಗೆ ಮಧ್ಯಾಹ್ನದ್ದೂ ಸೇರಿಸಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ದಿನಾ ಅದೇ ಹೊತ್ತಿಗೆ ಆಗುವುದಾದರೆ ಕೆಲವು ವಾರ ಅದಕ್ಕಿಂತ 15ರಿಂದ 30 ನಿಮಿಷ ಮುಂಚೆ ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸಿ ನೋಡಿ. ಗೊರಕೆ ಇದ್ದರೆ, ಕೈಕಾಲು ಸೆಟೆದುಕೊಂಡರೆ ಅಥವಾ ಒಂದೇ ಸಮನೆ ಜರ್ಕ್ ಹೊಡೆದರೆ, ಒಂದೇ ರಾತ್ರಿ ಹಲವು ಸಲ ಆದರೆ, ಮೊಬೈಲಲ್ಲಿ ವಿಡಿಯೋ ಮಾಡಿ ಮಕ್ಕಳ ಡಾಕ್ಟರಿಗೆ ತೋರಿಸಿ. ಮತ್ತೆ ಆ ಡ್ರೀಮ್‌ಕ್ಯಾಚರನ್ನು ಮಂಚದ ಮೇಲಿಂದ ತೆಗೆದು ಗೋಡೆಗೆ ಎತ್ತರದಲ್ಲಿ ಹಾಕಿ. ಮಣಿ ಬಾಯಿಗೆ ಹೋಗುತ್ತದೆ, ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ (ಶಿರಸಿಯಿಂದ ಒಬ್ಬ ಅಜ್ಜಿ):

ನಾವೆಲ್ಲ ಮಲಗುವಾಗ "ರಾಮಸ್ಕಂದಂ ಹನೂಮಂತಂ" ಹೇಳಿಸುತ್ತಿದ್ದೆವು. ಈಗ ಮೊಮ್ಮಕ್ಕಳಿಗೆ ಬಲೆ ಬೇಕು, ಗರಿ ಬೇಕು. ಆ ಶ್ಲೋಕ ಸಾಲದಾ?

ಉತ್ತರ:

ಸಾಕು ಅಮ್ಮಾ, ಚೆನ್ನಾಗಿಯೇ ಸಾಕು. ಅದರ ಕೊನೆಯಲ್ಲೇ "ದುಃಸ್ವಪ್ನಂ ತಸ್ಯ ನಶ್ಯತಿ" ಅಂತ ಇದೆಯಲ್ಲ. ದಿನಾ ಅದೇ ಹೊತ್ತು, ಅದೇ ದನಿ, ಪಕ್ಕದಲ್ಲಿ ಅಜ್ಜಿ, ಮಗುವಿಗೆ ಇನ್ನೇನು ಬೇಕು? ಒಂದು ಸಣ್ಣ ತಕರಾರು ಮಾತ್ರ: ಶ್ಲೋಕ ಹೇಳದಿದ್ದರೆ ಗುಮ್ಮ ಬರುತ್ತಾನೆ ಅಂತ ಹೆದರಿಸಬೇಡಿ.

ಪ್ರಶ್ನೆ (ಅಂಕೋಲಾ ಕಡೆಯಿಂದ):

ಮಗನಿಗೆ ಒಂಬತ್ತು. ನಾನು ಲಾರಿ ಓಡಿಸುವವನು. 2024ರ ಜುಲೈ 16ರಂದು ಶಿರೂರಲ್ಲಿ ಗುಡ್ಡ ಕುಸಿಯಿತಲ್ಲ, ಅದರ ವಿಡಿಯೋ ಎಷ್ಟು ನೋಡಿದ್ದಾನೋ ಲೆಕ್ಕ ಇಲ್ಲ. ಈಗಲೂ ಜೋರು ಮಳೆ ಬಂದ ರಾತ್ರಿ ಗುಡ್ಡ ಬೀಳುವ ಕನಸು, ಎದ್ದು ನನಗೆ ಫೋನ್ ಮಾಡುತ್ತಾನೆ.

ಉತ್ತರ:

ಇಲ್ಲಿ ರಕ್ಕಸನಿಗೆ ಸೀನು ಬರಿಸುವ ಆಟ ನಡೆಯುವುದಿಲ್ಲ, ಯಾಕಂದರೆ ಅವನ ಹೆದರಿಕೆ ನಿಜವಾಗಿ ಆದದ್ದರ ಬಗ್ಗೆ. ಏನೂ ಆಗುವುದಿಲ್ಲ ಅಂತ ಮಾತು ಕೊಡಬೇಡಿ. ನೀವು ಏನು ಮಾಡುತ್ತೀರಿ ಅಂತ ಹೇಳಿ: ಗುಡ್ಡದ ಬದಿ ಲಾರಿ ನಿಲ್ಲಿಸುವುದಿಲ್ಲ, ಮಳೆ ಜೋರಾದರೆ ಎಲ್ಲಿ ನಿಲ್ಲುತ್ತೇನೆ, ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ. ಹೇಳಿದ ಹೊತ್ತಿಗೆ ಫೋನ್ ಮಾಡುವುದನ್ನು ತಪ್ಪಿಸಬೇಡಿ. ವಿಡಿಯೋ ಪೂರ್ತಿ ಬಂದ್. ಇಷ್ಟು ಕಾಲವಾದರೂ ಹೋಗಿಲ್ಲ ಅಂದಮೇಲೆ ಒಬ್ಬರು ಮುಖಾಮುಖಿ ಕೂತು ಮಾತಾಡಿಸಬೇಕು, ಮನೆಮದ್ದಿನ ಕೆಲಸ ಅಲ್ಲ. ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕುಮಟಾದ ತಾಯಿ, ಮೂರು ವಾರದ ನಂತರ:

ಮೇಡಂ, ಡಾಕ್ಟರು ಆ ಮಾತ್ರೆ ನಿಲ್ಲಿಸಿ ಬೇರೆ ಇನ್‌ಹೇಲರ್ ಕೊಟ್ಟರು. ಬಲೆ ಕೊಡವುವುದೂ ನಡೆಯುತ್ತಿದೆ. ಈಗ ಕನಸು ವಾರಕ್ಕೊಂದು ಇದ್ದರೆ ಹೆಚ್ಚು, ಯಾವುದರಿಂದ ಕಡಿಮೆ ಆಯಿತೋ ಗೊತ್ತಿಲ್ಲ. ಅತ್ತೆ ದೃಷ್ಟಿ ತೆಗೆದದ್ದಕ್ಕೆ ಅನ್ನುತ್ತಾರೆ, ನಾನು ವಾದ ಮಾಡಲಿಲ್ಲ. ನಿನ್ನೆ ಬೆಳಿಗ್ಗೆ ಕೊಡವಿ "ಇವತ್ತು ಬರೀ ಸಿಗಡಿ" ಅಂದ. ಒಂದು ಗರಿ ಉದುರಿದೆ, ಇನ್ನೊಂದಕ್ಕೆ ಮಳೆಗಾಲದ ಬೂಸ್ಟು ಹಿಡಿದಿದೆ. ಹೊಸದು ತರಲಾ?

ಉತ್ತರ:

ಬೂಸ್ಟು ಹಿಡಿದದ್ದನ್ನು ಕಿತ್ತು ಹಾಕಿ, ಉಬ್ಬಸದ ಮಗುವಿಗೆ ಅದು ಆಗುವುದಿಲ್ಲ. ಹೊಸದು ಬೇಕಾ ಅಂತ ಅವನನ್ನೇ ಕೇಳಿ.