ಅಪ್‌ಡೇಟ್: ಆ 22 ಸಾವಿರದ ಲ್ಯಾಪ್‌ಟಾಪ್ ಏನಾಯ್ತು?

ಬಿ.ಕಾಂ. ಓದುವ ತಂಗಿಗೆ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲ್ ಇಡುವ ಅಗ್ಗದ, ನಿಧಾನದ ಸ್ಟೋರೇಜ್) ಇರುವ ಲ್ಯಾಪ್‌ಟಾಪ್ ಸಾಕಾ ಅಂತ ಕೇಳಿದ್ದೆ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್, ತಗೊಳ್ಳಲಿಲ್ಲ.

ಅಂಗಡಿಯಲ್ಲಿ ಡೆಮೊ ಪೀಸ್ ಆನ್ ಮಾಡಿಸಿದೆ. ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್, ಜೊತೆಗೆ ಒಂದು ಎಕ್ಸೆಲ್ ಶೀಟ್. ಅಷ್ಟಕ್ಕೇ ಮೌಸಿನ ಬಾಣ ತಡವರಿಸತೊಡಗಿತು. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಇನ್ನೇನಾಗುತ್ತೆ, ಅಲ್ವಾ? ರ‍್ಯಾಮ್ ಕೂಡ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದು, ಆಮೇಲೆ ಜಾಸ್ತಿ ಮಾಡಿಸಲೂ ಆಗುವುದಿಲ್ಲ.

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ರಿಫರ್ಬಿಶ್ಡ್, ಅಂದ್ರೆ ಹಳೆಯದನ್ನು ಸರಿಮಾಡಿ ಮಾರುವ ಲ್ಯಾಪ್‌ಟಾಪ್ ಒಂದು ಸಿಕ್ಕಿತು. 8ನೇ ಜನರೇಷನ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ವೇಗದ ಸ್ಟೋರೇಜ್), 19 ಸಾವಿರ. ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. 'ಇ' ಕೀ ಸವೆದು ಅಕ್ಷರವೇ ಕಾಣುವುದಿಲ್ಲ. ತಂಗಿ ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿಯುತ್ತಿದ್ದಾಳೆ.