ಹೊಟ್ಟೆಯ ಸ್ಕ್ಯಾನಿಂಗ್ ಸರಿಯಿದ್ದರೂ ಸಿ.ಟಿ. ಯುರೋಗ್ರಾಮ್, ಸಿಸ್ಟೊಸ್ಕೊಪಿ ಎರಡೂ ಏಕೆ?

ಪ್ರಶ್ನೆ:

ನಮ್ಮ ತಂದೆಯವರಿಗೆ 64 ವರ್ಷ. ಕಳೆದ ತಿಂಗಳು ಒಂದು ಬೆಳಿಗ್ಗೆ ಅವರಿಗೆ ಮೂತ್ರ ಕೆಂಪಾಗಿ ಹೋಯಿತು. ನೋವಾಗಲಿ, ಉರಿಯಾಗಲಿ, ಜ್ವರವಾಗಲಿ ಇರಲಿಲ್ಲ. ಉಷ್ಣವಾಗಿರಬೇಕೆಂದು ಎರಡು ದಿನ ಎಳನೀರು, ಬಾರ್ಲಿ ನೀರು ಕುಡಿದರು; ಕೆಂಪು ನಿಂತಿತು. ನನ್ನ ಒತ್ತಾಯಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡರು. ಕಲ್ಲಿಲ್ಲ, ಮೂತ್ರಪಿಂಡಗಳು ಸರಿಯಾಗಿವೆ, ಪ್ರಾಸ್ಟೇಟ್ ಸ್ವಲ್ಪ ದೊಡ್ಡದಾಗಿದೆ ಎಂದು ವರದಿ ಬಂದಿದೆ. ಕಲ್ಚರ್ ಪರೀಕ್ಷೆಯಲ್ಲಿ ಸೋಂಕೂ ಕಂಡಿಲ್ಲ. ಹೀಗಿದ್ದರೂ ಯುರಾಲಜಿಸ್ಟ್ (ಮೂತ್ರರೋಗ ತಜ್ಞರು) ಸಿ.ಟಿ. ಯುರೋಗ್ರಾಮ್ (ಮೂತ್ರಮಾರ್ಗದ ಸಿ.ಟಿ. ಸ್ಕ್ಯಾನ್) ಮತ್ತು ಸಿಸ್ಟೊಸ್ಕೊಪಿ (ಮೂತ್ರದ ದಾರಿಯಿಂದ ಕೊಳವೆ ಬಿಟ್ಟು ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಲೇಬೇಕು ಎನ್ನುತ್ತಿದ್ದಾರೆ. ತಂದೆಯವರು ಮೂವತ್ತು ವರ್ಷ ಬೀಡಿ ಸೇದಿ ಈಗ ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ 1.3 ಇದೆ. ಒಳಗೆ ದೀಪ ಬಿಟ್ಟು ಸುಡುತ್ತಾರೆಂದು ಊರಿನಲ್ಲಿ ಯಾರೋ ಹೇಳಿದ ಮೇಲೆ ಸಿಸ್ಟೊಸ್ಕೊಪಿಗೆ ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದಾರೆ. ಎರಡರಲ್ಲಿ ಒಂದನ್ನು ಮಾಡಿಸಿದರೆ ಸಾಲದೇ?

ಉತ್ತರ 1 (ನಿವೃತ್ತ ರೇಡಿಯಾಲಜಿ ತಂತ್ರಜ್ಞ):

ವರದಿ ಸರಿಯಿದೆ ಎಂದರೆ ಆ ಪರೀಕ್ಷೆಗೆ ಕಾಣುವಷ್ಟು ಭಾಗ ಸರಿಯಿದೆ ಎಂದಷ್ಟೇ ಅರ್ಥ. ಧ್ವನಿತರಂಗದ ಸ್ಕ್ಯಾನಿಂಗ್ ಮೂತ್ರಪಿಂಡದ ಊತ, ಕಲ್ಲು, ಪ್ರಾಸ್ಟೇಟಿನ ಗಾತ್ರ ಇವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ 25–30 ಸೆಂ.ಮೀ. ಉದ್ದದ ಮೂತ್ರನಾಳದ ಹೆಚ್ಚಿನ ಭಾಗ ಕರುಳಿನ ಗಾಳಿಯ ಹಿಂದೆ ಮರೆಯಾಗಿರುತ್ತದೆ. ಮೂತ್ರಕೋಶ ಪೂರ್ತಿ ತುಂಬಿರದಿದ್ದರೆ ಅದರ ಗೋಡೆಯ ಮೇಲಿನ ಸಣ್ಣ ಗಡ್ಡೆಯೂ ಕಣ್ಣು ತಪ್ಪಿಸಿಕೊಳ್ಳಬಹುದು.

ಸಿ.ಟಿ. ಯುರೋಗ್ರಾಮ್‌ನಲ್ಲಿ ಸಾಮಾನ್ಯವಾಗಿ ಮೂರು ಸುತ್ತು ಚಿತ್ರ ತೆಗೆಯುತ್ತೇವೆ. ಮೊದಲ ಸುತ್ತು ಔಷಧಿ ಕೊಡದೆಯೇ. ಏಕೆಂದರೆ ಕಲ್ಲು ತಾನೇ ಬೆಳ್ಳಗೆ ಕಾಣುತ್ತದೆ, ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳ್ಳಗೆ ಕಾಣುವ ಔಷಧಿ) ಕೊಟ್ಟ ಮೇಲೆ ನೋಡಿದರೆ ಬಿಳಿಯಲ್ಲಿ ಬಿಳಿ ಬೆರೆತು ಹೋಗುತ್ತದೆ. ಆಮೇಲೆ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಕೊಟ್ಟು, ಸುಮಾರು 100 ಸೆಕೆಂಡಿಗೆ ಮೂತ್ರಪಿಂಡಗಳ ಚಿತ್ರ ತೆಗೆಯುತ್ತೇವೆ. ಔಷಧಿ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮಲಗಿದಲ್ಲೇ ಮೂತ್ರ ಹೋಯಿತೇನೋ ಎಂಬ ಭ್ರಮೆಯೂ ಆಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ವಯಸ್ಸಾದವರು ಬಹಳ ಗಾಬರಿಯಾಗುತ್ತಾರೆ. ಸುಮಾರು ಹತ್ತು ನಿಮಿಷ ಕಳೆದ ಮೇಲೆ ಮೂರನೆಯ ಸುತ್ತು. ಅಷ್ಟರಲ್ಲಿ ಕಾಂಟ್ರಾಸ್ಟ್ ಮೂತ್ರದೊಂದಿಗೆ ನಾಳಕ್ಕೆ ಇಳಿದಿರುತ್ತದೆ. ಒಳಗೆ ಗಡ್ಡೆಯಿದ್ದರೆ ಆ ಬಿಳಿ ಗೆರೆಯ ನಡುವೆ ಕಪ್ಪು ಎಡೆ ಕಾಣುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಇದೇ ಉದ್ದೇಶಕ್ಕೆ ಐ.ವಿ.ಪಿ. ಎಂಬ ಎಕ್ಸ್‌ರೇ ಪರೀಕ್ಷೆ ಮಾಡುತ್ತಿದ್ದೆವು. ಹಿಂದಿನ ರಾತ್ರಿ ಭೇದಿಯ ಔಷಧಿ, ಬೆಳಿಗ್ಗೆ ಹೊಟ್ಟೆಗೆ ಬಿಗಿಯುವ ಪಟ್ಟಿ, ನಿಮಿಷ ಎಣಿಸಿ ತೆಗೆಯುವ ಎಕ್ಸ್‌ರೇಗಳು. ರೋಗಿಗೆ ಅದಕ್ಕಿಂತ ಇದು ಎಷ್ಟೋ ಸುಲಭ, ಆದರೆ ವಿಕಿರಣದ ಪ್ರಮಾಣ ಹೆಚ್ಚು.

ಉತ್ತರ 2 (ಸಿಸ್ಟೊಸ್ಕೊಪಿ ಮಾಡಿಸಿಕೊಂಡವರು):

ನಿಮ್ಮ ತಂದೆಯವರಷ್ಟೇ ನಾನೂ ಹೆದರಿದ್ದೆ. ನನಗೆ ಮಾಡಿದ್ದು ಬಗ್ಗುವ ಸ್ಕೋಪ್‌ನಿಂದ. ಅದರ ದಪ್ಪ ಸುಮಾರು 5 ಮಿ.ಮೀ. ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವು ನಿಮಿಷ ಬಿಟ್ಟು ಕೊಳವೆಯನ್ನು ಒಳಗೆ ಬಿಟ್ಟರು. ಪ್ರಾಸ್ಟೇಟ್ ಇರುವ ಜಾಗ ದಾಟುವಾಗ ಒಂದು ಕ್ಷಣ ಕಷ್ಟವೆನಿಸಿತು. ಮೂತ್ರ ಮಾಡುವಂತೆ ಪ್ರಯತ್ನಿಸಿ ಎಂದು ವೈದ್ಯರು ಹೇಳಿದರು, ಹಾಗೆ ಮಾಡಿದಾಗ ಬಿಗಿತ ಸಡಿಲವಾಯಿತು. ಆಮೇಲೆ ಸಲೈನ್ ತುಂಬಿಸಿದ್ದರಿಂದ ಅವಸರವಾದಂತೆ ಅನಿಸಿದ್ದು ಬಿಟ್ಟರೆ ನೋವಿರಲಿಲ್ಲ. ಪಕ್ಕದ ಪರದೆಯಲ್ಲಿ ಎಲ್ಲವೂ ಕಾಣುತ್ತಿತ್ತು. ಮೂತ್ರನಾಳದ ಬಾಯಿಯಿಂದ ಮೂತ್ರ ಚಿಮ್ಮುವುದನ್ನು ನಾನೇ ನೋಡಿದೆ. ಹತ್ತು ನಿಮಿಷದೊಳಗೆ ಮುಗಿಯಿತು. ಎರಡು ದಿನ ಉರಿಯಿತ್ತು. ಎಲ್ಲ ಆಸ್ಪತ್ರೆಗಳಲ್ಲೂ ಬಗ್ಗುವ ಸ್ಕೋಪ್ ಇರುವುದಿಲ್ಲ. ಗಟ್ಟಿ ಸ್ಕೋಪ್ ಆದರೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಥಿಯೇಟರಿನಲ್ಲಿ ಮಾಡುತ್ತಾರೆ. ಯಾವುದೆಂದು ಮೊದಲೇ ಕೇಳಿಕೊಳ್ಳಿ.

ಉತ್ತರ 3 (ಯುರಾಲಜಿ ವೈದ್ಯ):

ರೋಗಿಯನ್ನು ನೋಡದೆ ಇಲ್ಲಿ ಸಲಹೆ ಕೊಡುವುದು ಸರಿಯಲ್ಲ. ಆದರೆ ಕೇಳಿರುವ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ: ಈ ವಯಸ್ಸಿನಲ್ಲಿ, ಅದರಲ್ಲೂ ಬೀಡಿ ಸೇದಿದವರಲ್ಲಿ, ನೋವಿಲ್ಲದೆ ಒಂದೇ ಒಂದು ಸಲ ರಕ್ತ ಹೋದರೂ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಹೊಗೆಯ ವಿಷಗಳನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ಮತ್ತು ಅವು ಗಂಟೆಗಟ್ಟಲೆ ಮೂತ್ರಕೋಶದ ಒಳಪದರಕ್ಕೆ ತಾಗಿಕೊಂಡೇ ನಿಲ್ಲುತ್ತವೆ. ಅಲ್ಲಿನ ಗಡ್ಡೆ ಒಂದು ದಿನ ರಕ್ತ ಸುರಿಸಿ ತಿಂಗಳುಗಟ್ಟಲೆ ಸುಮ್ಮನಿರಬಹುದು. ಎಳನೀರಿನಿಂದ ನಿಂತಿತೆಂದು ತಿಳಿದು ಒಂದು ವರ್ಷ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ಪ್ರಾಸ್ಟೇಟಿನಿಂದಲೂ ರಕ್ತ ಬರುವುದುಂಟು, ಆದರೆ ಉಳಿದ ಕಾರಣಗಳಿಲ್ಲವೆಂದು ನೋಡಿಕೊಳ್ಳದೆ ಹಾಗೆ ತೀರ್ಮಾನಿಸಲಾಗದು.

ಒಂದು ಪರೀಕ್ಷೆ ಇನ್ನೊಂದರ ಕೆಲಸ ಮಾಡುವುದಿಲ್ಲ. ಒಳಪದರದಲ್ಲಿ ಚಪ್ಪಟೆಯಾಗಿ, ಕೆಂಪು ಮಖಮಲ್ಲಿನಂತೆ ಹರಡುವ ಒಂದು ಬಗೆಯ ಕ್ಯಾನ್ಸರ್ ಸಿ.ಟಿ.ಯಲ್ಲಿ ಬಹುಪಾಲು ಕಾಣುವುದೇ ಇಲ್ಲ, ಅದಕ್ಕೆ ಕಣ್ಣೇ ಬೇಕು. ಸಿಸ್ಟೊಸ್ಕೊಪಿಗೆ ಮೂತ್ರಕೋಶದಿಂದ ಮೇಲೆ ಏನಿದೆ ಎಂಬುದು ಗೊತ್ತಾಗದು.

ದೀಪದ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. 1877ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಜೆ ತೋರಿಸಿದ ಸಿಸ್ಟೊಸ್ಕೋಪಿನ ತುದಿಯಲ್ಲಿ ಕಾದು ಬೆಳಗುವ ಪ್ಲಾಟಿನಂ ತಂತಿಯೇ ಇತ್ತು, ಅದನ್ನು ತಣ್ಣಗಿಡಲು ಕೊಳವೆಯೊಳಗೆ ನೀರು ಹರಿಸಬೇಕಾಗುತ್ತಿತ್ತು. ಈಗ ಅಂತಹ ಕಾದ ತಂತಿ ಒಳಗೆ ಹೋಗುವುದಿಲ್ಲ, ಸುಡುವ ಪ್ರಶ್ನೆಯೂ ಇಲ್ಲ.

ಕ್ರಿಯಾಟಿನಿನ್ 1.3 ಇದ್ದರೆ ಈ ವಯಸ್ಸಿನ ಪುರುಷರಲ್ಲಿ ಇ.ಜಿ.ಎಫ್.ಆರ್. (ಮೂತ್ರಪಿಂಡದ ಸೋಸುವ ಶಕ್ತಿಯ ಅಂದಾಜು) 60ರ ಆಸುಪಾಸು ಬರುತ್ತದೆ. ಕಾಂಟ್ರಾಸ್ಟಿಗೆ ಅದು ಸಾಮಾನ್ಯವಾಗಿ ಅಡ್ಡಿಯಲ್ಲ. 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆಗಳ ನಂತರ ಕ್ರಿಯಾಟಿನಿನ್ ಮತ್ತೆ ನೋಡಿಯೇ ಶುರು ಮಾಡುತ್ತೇವೆ. ಕೆಲವು ಕೇಂದ್ರಗಳು ಎಲ್ಲರಿಗೂ ನಿಲ್ಲಿಸಲು ಹೇಳುತ್ತವೆ, ಅಲ್ಲಿ ಹೇಳಿದಂತೆ ನಡೆದುಕೊಳ್ಳಿ. ಕಾಂಟ್ರಾಸ್ಟ್ ಕೊಡಲಾಗದವರಿಗೆ ಎಂ.ಆರ್. ಯುರೋಗ್ರಫಿ (ಮೂತ್ರಮಾರ್ಗದ ಎಂ.ಆರ್.ಐ. ಸ್ಕ್ಯಾನ್) ಇದೆ, ಅಥವಾ ಸಿಸ್ಟೊಸ್ಕೊಪಿ ಮಾಡುವಾಗಲೇ ಕೆಳಗಿನಿಂದ ನಾಳಕ್ಕೆ ಔಷಧಿ ತುಂಬಿ ಎಕ್ಸ್‌ರೇ ತೆಗೆಯಬಹುದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಪ್ಲಾಟಿನಂ ತಂತಿಯ ವಿಷಯವನ್ನು ತಂದೆಯವರಿಗೆ ಓದಿ ಹೇಳಿದೆ. ಪರದೆಯನ್ನು ತಮಗೂ ಕಾಣುವಂತೆ ಇಡುವುದಾದರೆ ಬರುತ್ತೇನೆ ಎಂದಿದ್ದಾರೆ. ಮಂಗಳವಾರ ಸಿ.ಟಿ., ಶುಕ್ರವಾರ ಸಿಸ್ಟೊಸ್ಕೊಪಿ. ಹೃದಯಕ್ಕೆಂದು ಆಸ್ಪಿರಿನ್ ಮಾತ್ರೆ ನುಂಗುತ್ತಾರೆ ಎಂಬುದನ್ನು ಬರೆಯಲು ಮರೆತಿದ್ದೆ.

ಉತ್ತರ 3:

ನೀವಾಗಿ ನಿಲ್ಲಿಸಬೇಡಿ. ಬರೀ ನೋಡುವುದಕ್ಕೆ ಆಸ್ಪಿರಿನ್ ಸಾಮಾನ್ಯವಾಗಿ ತೊಡಕಾಗುವುದಿಲ್ಲ, ಆದರೆ ವೈದ್ಯರಿಗೆ ಮೊದಲೇ ತಿಳಿಸಿ. ಪರೀಕ್ಷೆಯ ನಂತರ ಮೂತ್ರ ಒಂದೆರಡು ದಿನ ತಿಳಿಗೆಂಪಾಗಿ ಹೋದರೆ ಹೆದರಬೇಕಿಲ್ಲ. ಚಳಿಜ್ವರ ಬಂದರೆ, ಹೆಪ್ಪುಗಟ್ಟಿದ ರಕ್ತ ಹೋದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.